ಕಪ್ಪತಗುಡ್ಡದ ಮೇಲೆ ಕೇಳಿದ ಮಗ್ಗದ ಸದ್ದು

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ದೆವ್ವ, ಶಕುನ, ಮುನ್ಸೂಚನೆ ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಆದರೆ ಅವುಗಳ ಕಥೆ ಹೇಳಿ ಹೊಟ್ಟೆ ಹೊರೆದವನು. ಹುಬ್ಬಳ್ಳಿಯಲ್ಲಿ ಉಳಿದುಕೊಂಡ ಪ್ರವಾಸಿಗರನ್ನು ನನ್ನ ಕಾರಿನಲ್ಲಿ ನಮ್ಮ ಗದಗ ಸೀಮೆಗೆ ಕರೆತಂದು, ದಿನವಿಡೀ ಸುತ್ತಾಡಿಸಿ, ಸಂಜೆ ವಾಪಸು ಬಿಡುವುದು ನನ್ನ ಕೆಲಸ. ಬೆಳಿಗ್ಗೆ ಲಕ್ಕುಂಡಿಯ ಗುಡಿಗಳು, ಮಧ್ಯಾಹ್ನ ಕಪ್ಪತಗುಡ್ಡ, ಇಳಿದು ಬಂದ ಮೇಲೆ ಡಂಬಳದ ದೊಡ್ಡಬಸಪ್ಪನ ಗುಡಿ, ಚಳಿಗಾಲವಾದರೆ ಶಿರಹಟ್ಟಿ ಕಡೆಯ ಮಾಗಡಿ ಕೆರೆಯ ಹಕ್ಕಿಗಳು. ಲಕ್ಕುಂಡಿಯ ಮೆಟ್ಟಿಲು ಬಾವಿಯ ಬಳಿ ನಿಂತಾಗ, ಅಮಾವಾಸ್ಯೆಯ ದಿನ ಇಲ್ಲಿ ಬಳೆಯ ಸದ್ದು ಕೇಳುತ್ತದೆ ಎಂದು ನಾನೇ ಕಟ್ಟಿದ ಒಂದು ಕಥೆ ಹೇಳುತ್ತಿದ್ದೆ. ಬಂದವರು ಮಾತು ನಿಲ್ಲಿಸಿ ನೀರನ್ನೇ ನೋಡುತ್ತಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ.

ಆ ಕಥೆ ಹೇಳುವುದನ್ನು ಬಿಟ್ಟು ಈಗ ಕೆಲವು ವರ್ಷಗಳಾದವು. ಯಾಕೆ ಬಿಟ್ಟೆ ಎಂಬುದನ್ನು ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನನಗೇ ಅದು ಪೂರ್ತಿ ತೀರ್ಮಾನವಾಗಿಲ್ಲ.

ನಮ್ಮದು ಬೆಟಗೇರಿಯ ನೇಕಾರರ ಮನೆತನ. ಅಪ್ಪ ಐವತ್ತು ವರ್ಷ ಕುಣಿಮಗ್ಗದಲ್ಲಿ ಸೀರೆ ನೇಯ್ದವನು. ಕುಣಿಮಗ್ಗವೆಂದರೆ ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಅಪ್ಪನ ಎಡಗಾಲು ಹುಟ್ಟಿನಿಂದಲೇ ಸೊಟ್ಟ. ಹಾಗಾಗಿ ಅವನ ಮಗ್ಗದ ಸದ್ದು ಉಳಿದವರದರಂತೆ ಇರಲಿಲ್ಲ. ಟಕ್ ಟಕ್ ಎಂದು ಎರಡು ಬಡಿತ, ಆಮೇಲೆ ಉಸಿರು ಹಿಡಿದಂತೆ ಸ್ವಲ್ಪ ತಡೆ, ನಂತರ ಧಡ್ ಎಂದು ಭಾರವಾದ ಒಂದು ಬಡಿತ. ಓಣಿಯ ತುದಿಯಲ್ಲಿ ಆಡುವಾಗಲೂ ನನಗೆ ಅದು ಗುರುತು ಸಿಗುತ್ತಿತ್ತು. ನನಗೆ ಆ ಕಸುಬು ಹತ್ತಲಿಲ್ಲ, ನಾನು ಕಾರು ಹಿಡಿದೆ. ಅಪ್ಪನಿಗೆ ಲಕ್ವ ಹೊಡೆದು ಬಲಭಾಗ ಬಿದ್ದು ಮಾತು ನಿಂತ ಮೇಲೆ ಮಗ್ಗ ಬಿಚ್ಚಿ ಕೊಟ್ಟುಬಿಟ್ಟೆವು. ಗುಂಡಿಯನ್ನು ಮಾತ್ರ ಮುಚ್ಚಿಸಲಿಲ್ಲ. ಮೇಲೆ ಹಲಗೆ ಹಾಸಿದೆವು. ಅಪ್ಪನ ಮಂಚ ಅದೇ ಕೋಣೆಯಲ್ಲಿತ್ತು. ಎಡಗೈಯಲ್ಲಿ ಊರುಗೋಲು ಹಿಡಿದು ಒಂದೆರಡು ಹೆಜ್ಜೆ ಇಡುವಷ್ಟು ಮಾತ್ರ ಅವನು ಚೇತರಿಸಿಕೊಂಡಿದ್ದ.

ಆ ದಿನ ನನ್ನ ಹೆಂಡತಿ ಬಸುರಿ ತಂಗಿಯ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಲಕ್ಷ್ಮೇಶ್ವರಕ್ಕೆ ಹೋಗಿದ್ದಳು. ಅಪ್ಪನಿಗೆ ಮಧ್ಯಾಹ್ನದ ಊಟ ಮಾಡಿಸಿ ನೋಡಿಕೊಳ್ಳುವ ಹೊಣೆಯನ್ನು ಪಕ್ಕದ ಮನೆಯ ಮೆಹಬೂಬಸಾಬ ಒಪ್ಪಿಕೊಂಡಿದ್ದ. ನಾನು ಬೆಳಿಗ್ಗೆಯೇ ಹುಬ್ಬಳ್ಳಿಗೆ ಹೋಗಿ ಇಬ್ಬರನ್ನು ಹತ್ತಿಸಿಕೊಂಡೆ. ಒಬ್ಬರು ಮೈಸೂರಿನ ಅನಂತಯ್ಯನವರು, ಜೊತೆಗೆ ಅವರ ಮಗಳು ಸುಧಾ. ಅನಂತಯ್ಯನವರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಟೆಲಿಫೋನ್ ಆಪರೇಟರ್ ಆಗಿ ದುಡಿದು ನಿವೃತ್ತರಾದವರು.

ಕಣ್ಣಿಲ್ಲದವರಿಗೆ ಏನನ್ನು ತೋರಿಸಲಿ ಎಂದು ನಾನು ಒಳಗೇ ಹಿಂಜರಿದಿದ್ದೆ. ಆದರೆ ಲಕ್ಕುಂಡಿಯಲ್ಲಿ ಅವರು ಕಂಬಗಳನ್ನು ಬೆರಳಿನಿಂದ ಸವರಿ, ಯಾವುದು ಹಳೆಯ ಕಲ್ಲು, ಯಾವುದು ಆಮೇಲೆ ಕೂರಿಸಿದ್ದು ಎಂದು ಹೇಳಿದಾಗ ಬೆರಗಾದೆ. ಬಾವಿಯ ಹತ್ತಿರ ನನ್ನ ಬಳೆಯ ಕಥೆ ಕೇಳಿ ಅವರು ಮೆಲ್ಲಗೆ ನಕ್ಕರು. "ಇದು ನೀವೇ ಮಾಡಿದ ಕಥೆ ಅಲ್ವೇನ್ರೀ? ದನಿಯಲ್ಲೇ ಗೊತ್ತಾಗುತ್ತೆ" ಎಂದರು. ನನಗೆ ನಾಚಿಕೆಯಾಯಿತು.

ಡೋಣಿ ದಾಟಿ ಕಪ್ಪತಗುಡ್ಡದ ಮೇಲೆ ಕಾರು ನಿಲ್ಲಿಸಿದಾಗ ಮೂರು ಗಂಟೆಯಾಗಿತ್ತು. ಹುಲ್ಲು ಒಣಗಿ ಹಳದಿಯಾಗಿತ್ತು, ಗಾಳಿ ಜೋರಾಗಿತ್ತು. ಗಾಳಿಯಂತ್ರಗಳ ಸುಯ್ ಎಂಬ ಸದ್ದು ಬಿಟ್ಟರೆ ಬೇರೇನಿಲ್ಲ. ಸುಧಾ ಫೋಟೋ ತೆಗೆಯುತ್ತಿದ್ದರು. ನಾನು ಅನಂತಯ್ಯನವರ ಕೈ ಹಿಡಿದು ನಿಂತು, ಕೆಳಗೆ ಎಲ್ಲೆಲ್ಲಿ ಯಾವ ಊರಿದೆ ಎಂದು ಹೇಳುತ್ತಿದ್ದೆ. ಅವರು ಇದ್ದಕ್ಕಿದ್ದಂತೆ ನನ್ನ ಕೈ ಅದುಮಿದರು.

"ಇಲ್ಲಿ ಯಾರಾದರೂ ಮರ ಬಡೀತಾ ಇದ್ದಾರಾ?"

"ಇಲ್ರಿ, ಗಾಳಿಯಂತ್ರದ ಸಪ್ಪಳ ಅದು."

"ಅದು ಬೇರೆ, ಇದು ಬೇರೆ. ಇದು ಕುಂಟ್ತಾ ಇದೆ. ಎರಡು ಏಟು, ಸ್ವಲ್ಪ ತಡೆದು, ಆಮೇಲೆ ಒಂದು ದೊಡ್ಡ ಏಟು."

ಅವರು ಹೇಳಿದ್ದು ಅಪ್ಪನ ಮಗ್ಗದ ಬಡಿತ. ಅಪ್ಪನ ವಿಷಯವನ್ನಾಗಲಿ ಮಗ್ಗದ ವಿಷಯವನ್ನಾಗಲಿ ನಾನು ಅವರ ಮುಂದೆ ಎತ್ತಿರಲೇ ಇಲ್ಲ. ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ಕೇಳಿಸಿತು. ಬಹಳ ಸಣ್ಣಗೆ, ಗೋಡೆಯ ಆಚೆಯಿಂದ ಬಂದಂತೆ. ಟಕ್ ಟಕ್, ತಡೆ, ಧಡ್. ಅವರು ಹೇಳಿದ್ದರಿಂದಲೇ ನನಗೆ ಹಾಗೆ ಅನ್ನಿಸಿರಬಹುದು, ಅಲ್ಲವೆನ್ನಲಾರೆ. ಸುಧಾ ಹತ್ತಿರ ಬಂದು ನಿಂತು ಕೇಳಿ, ತಮಗೆ ಏನೂ ಕೇಳುತ್ತಿಲ್ಲ ಎಂದರು.

"ಯಾವ ಕಡಿಂದ ಬರಾಕತ್ತೈತ್ರಿ?" ಎಂದೆ. ಅನಂತಯ್ಯನವರು ತಡಮಾಡದೆ ಕೈಚಾಚಿ ತೋರಿಸಿದರು. ಅವರ ಬೆರಳು ನೆಟ್ಟಗೆ ಗದಗ ಬೆಟಗೇರಿಯ ದಿಕ್ಕಿಗಿತ್ತು. ಅಲ್ಲಿಗೆ ಮೂವತ್ತು ಕಿಲೋಮೀಟರು ಹತ್ತಿರ ಹತ್ತಿರವಾಗುತ್ತದೆ.

ಅದು ನಮ್ಮಪ್ಪನ ಮಗ್ಗದ ಸದ್ದು, ಆ ಮಗ್ಗ ಈಗಿಲ್ಲ ಎಂದು ಅವರಿಗೆ ಹೇಳಿದೆ. ಗುಡ್ಡದ ಮೇಲೆ ಫೋನು ಹತ್ತಲಿಲ್ಲ. ಕೆಳಗೆ ಡೋಣಿಗೆ ಬಂದು ಮೆಹಬೂಬಸಾಬನಿಗೆ ಹಚ್ಚಿದೆ, ಎತ್ತಲಿಲ್ಲ. ಹೆಂಡತಿಗೆ ಹಚ್ಚಿದೆ. "ಸುಮ್ನ ಚಿಂತಿ ಮಾಡಬ್ಯಾಡ್ರಿ. ಮೆಹಬೂಬಣ್ಣ ಅದಾನ, ಮಾಮಾರು ಮಲಗಿರ್ತಾರ" ಎಂದಳು. ಅವಳ ಮಾತು ಕೇಳಿ ನನಗೂ ಸಮಾಧಾನವಾಯಿತು. ಡಂಬಳ ಹೇಗೂ ದಾರಿಯಲ್ಲೇ ಇದೆ, ಗುಡಿ ತೋರಿಸಿಯೇ ಹೋಗೋಣ ಎಂದು ಕಾರು ನಿಧಾನ ಮಾಡಿದೆ. ಆಗ ಅನಂತಯ್ಯನವರು ಹಿಂದಿನಿಂದ ನನ್ನ ಭುಜ ಮುಟ್ಟಿದರು.

"ಗುಡಿ ಎಲ್ಲಿಗೂ ಹೋಗಲ್ಲ. ಮೊದಲು ಮನೆಗೆ ನಡೀರಿ. ನಾವೂ ಬರ್ತೀವಿ."

ಅವರು ಆ ಮಾತು ಹೇಳದಿದ್ದರೆ ನಾನು ಡಂಬಳದಲ್ಲಿ ಇಳಿಯುತ್ತಿದ್ದೆ.

ಬೆಟಗೇರಿಯಲ್ಲಿ ನಮ್ಮ ಓಣಿಗೆ ಬಂದಾಗ ನಾಲ್ಕೂವರೆಯ ಹೊತ್ತು. ಎರಡೂ ಕಡೆ ವಿದ್ಯುತ್ ಮಗ್ಗಗಳು ಓಡುತ್ತಿದ್ದವು. ಆ ಗದ್ದಲದಲ್ಲಿ ಪಕ್ಕದವರು ಆಡಿದ ಮಾತೂ ಕೇಳುವುದಿಲ್ಲ. ಆದರೂ ಕಾರು ನಿಲ್ಲಿಸಿದೊಡನೆ ಅನಂತಯ್ಯನವರು ನಮ್ಮ ಮನೆಯ ಕಡೆ ಮುಖ ತಿರುಗಿಸಿ "ಇದೇ! ಇದೇ ಶಬ್ದ!" ಎಂದರು. ಮೆಹಬೂಬಸಾಬ ಹಾಕಿ ಹೋಗಿದ್ದ ಬೀಗವನ್ನು ನನ್ನ ಕೀಲಿಯಿಂದ ತೆಗೆದು ಒಳಗೆ ಓಡಿದೆ.

ಗುಂಡಿಯ ಮೇಲಿನ ಹಲಗೆ ಮುರಿದಿತ್ತು. ಅಪ್ಪ ಗುಂಡಿಯೊಳಗೆ ಸೊಂಟದವರೆಗೆ ಇಳಿದು ಸಿಕ್ಕಿಕೊಂಡಿದ್ದ. ಹಲಗೆಯ ಮೊಳೆ ತೊಡೆಯನ್ನು ಸೀಳಿತ್ತು. ಗುಂಡಿಯ ನೆಲ ರಕ್ತದಿಂದ ನೆನೆದಿತ್ತು. ಮುಖ ಬಿಳಚಿಕೊಂಡಿತ್ತು, ಕಣ್ಣು ಅರೆ ಮುಚ್ಚಿದ್ದವು. ಎಡಗೈಯಲ್ಲಿ ಊರುಗೋಲು ಹಿಡಿದು ಮುಂದಿನ ಹಲಗೆಗೆ ಬಡಿಯುತ್ತಿದ್ದ. ಎರಡು ಸಲ. ತಡೆದು, ಮತ್ತೊಂದು ಸಲ. ನಾನು ಕೈ ಹಿಡಿದುಕೊಂಡ ಮೇಲೂ ಕೋಲು ಅಲುಗುತ್ತಲೇ ಇತ್ತು.

ಸುಧಾ ತಮ್ಮ ದುಪಟ್ಟಾ ಹರಿದು ಗಾಯಕ್ಕೆ ಬಿಗಿದು ಕಟ್ಟಿದರು. ಅದೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ದೆವು. ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ವಿಷಯ ತಿಳಿದು ಓಡಿ ಬಂದ ಮೆಹಬೂಬಸಾಬ ಕಣ್ಣೀರು ಹಾಕಿದ. "ಎರಡಕ್ಕ ನೋಡಿ ಬಂದೇನಣ್ಣಾ, ಕಾಕಾಗ ನಿದ್ದಿ ಹತ್ತಿತ್ತು. ಗ್ವಾಡಿಗೆ ಗ್ವಾಡಿ ಹತ್ತಿದ ಮನ್ಯಾಗ ಕುಂತಿದ್ನಿ, ಖರೇನ ಒಂದ್ ಸಪ್ಪಳ ಸೈತ ಕೇಳಿಲ್ಲ." ಅವನ ಫೋನು ಮೊಮ್ಮಗಳ ಕೈಯಲ್ಲಿತ್ತಂತೆ. ಅವನದೇನೂ ತಪ್ಪಿಲ್ಲ. ಗೋಡೆಯ ಆಚೆ ಕೂತವನಿಗೆ ಕೇಳದ ಸದ್ದು ಗುಡ್ಡದ ಮೇಲೆ ನಿಂತ ನಮಗೆ ಹೇಗೆ ಕೇಳಿತು?

ಅಪ್ಪ ಉಳಿದ. ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ: ಬಾಯಿಲ್ಲದ ಅಪ್ಪ ಮಗ್ಗದ ಸದ್ದಿನಲ್ಲಿ ನನ್ನನ್ನು ಕರೆದ, ನನಗೆ ಕೇಳಿಸಿತು. ಹಾಗೆ ಹೇಳುವಾಗ ಎದೆ ತುಂಬಿ ಬರುತ್ತಿತ್ತು. ಹೇಗೆ ಕೇಳಿತೆಂದು ಗೊತ್ತಿಲ್ಲದಿದ್ದರೂ ಯಾಕೆ ಕೇಳಿತೆಂಬುದು ಗೊತ್ತಿದೆ ಎಂದುಕೊಂಡಿದ್ದೆ.

ಆರೇಳು ತಿಂಗಳ ಮೇಲೆ ಅಪ್ಪನಿಗೆ ತುಣುಕು ತುಣುಕಾಗಿ ಮಾತು ಬರತೊಡಗಿತು. ಒಂದು ಬೆಳಿಗ್ಗೆ ಅವನ ಗಡ್ಡ ಹೆರೆಯುತ್ತಾ ಕೇಳಿದೆ: "ಅಪ್ಪಾ, ಅವತ್ತು ಕುಣ್ಯಾಗ ಬಿದ್ದಾಗ ನನ್ನ ಕರಿಯಾಕತ್ತಿದ್ದೇನು?"

ಅಪ್ಪ ತಲೆಯಾಡಿಸಿದ. ಇಲ್ಲವೆಂದು.

"ಮತ್ತ ಯಾರನ್ನ ಕರಿಯಾಕತ್ತಿದ್ದಿ?"

"ಯಾರ್ನೂ ಇಲ್ಲ. ನೇಯಾಕತ್ತಿದ್ನಿ."

"ಮಗ್ಗ ಎಲ್ಲೈತಪಾ ಈಗ?"

ಅವನು ನನ್ನನ್ನು ಏನೂ ತಿಳಿಯದವನನ್ನು ನೋಡುವಂತೆ ನೋಡಿದ. ಆಮೇಲೆ ಒಂದೊಂದೇ ಮಾತು ಹುಡುಕಿ ಹೇಳಿದ: "ನಿಮ್ಮವ್ವ ಕಂಡಿಕಿ ಸುತ್ತಿ ಕೊಡಾಕತ್ತಿದ್ಲು. ನಾ ನೇಯಾಕತ್ತಿದ್ನಿ. ಜಲ್ದಿ ಮುಗಸು ಅಂದ್ಲು."

ನೂಲಿನ ಕಂಡಿಕೆ ಸುತ್ತುತ್ತಿದ್ದ ನಮ್ಮವ್ವ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ರೇಜರ್ ಬದಿಗಿಟ್ಟೆ. ಅವನ ಮುಖ ತೊಳೆದು ಒರೆಸಿದೆ.

ಅಪ್ಪ ನನ್ನನ್ನು ಕರೆದೇ ಇರಲಿಲ್ಲ. ಹಾಗಾದರೆ ಗುಡ್ಡದ ಮೇಲೆ ನಮ್ಮನ್ನು ಮುಟ್ಟಿದ್ದು ಏನು? ಯಾರು ಮುಟ್ಟಿಸಿದರು? ರಕ್ತ ಕಡಿಮೆಯಾಗಿ ಅಪ್ಪನಿಗೆ ಭ್ರಮೆಯಾಗಿತ್ತು ಎಂದರು ಡಾಕ್ಟರು, ಅದನ್ನು ಒಪ್ಪುತ್ತೇನೆ. ಆದರೆ ಮೈಸೂರಿನ ಅಪರಿಚಿತರೊಬ್ಬರು ಆ ಸದ್ದನ್ನು ನನಗಿಂತ ಮೊದಲು ಕೇಳಿದ್ದು ಯಾರ ಭ್ರಮೆ?

ಅಪ್ಪನ ಮಾತನ್ನು ಅನಂತಯ್ಯನವರಿಗೆ ತಿಳಿಸಬೇಕೆಂದುಕೊಳ್ಳುತ್ತಲೇ ಒಂದೂವರೆ ವರ್ಷ ಕಳೆದೆ. ಕೊನೆಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು:

"ಸೀರೆ ಮುಗೀತಂತಾ?"

ಅದನ್ನು ನಾನು ಕೇಳಿರಲಿಲ್ಲ. ಕೇಳೋಣವೆಂದರೆ, ಅಪ್ಪ ಹೋಗಿ ಆಗಲೇ ಹನ್ನೊಂದು ದಿನವಾಗಿತ್ತು.