ಅಕ್ಕೋರ ಮನೆಯ ಫೋಲ್ಡರು

ಕೀಬೋರ್ಡು ಇಡುವ ಡ್ರಾವರು ಬಹಳ ದಿನದಿಂದ ಅರ್ಧಕ್ಕೇ ನಿಲ್ಲುತ್ತಿತ್ತು. ಮೊನ್ನೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಸಿಟ್ಟಿನಿಂದ ಪೂರ್ತಿ ಎಳೆದೆ. ಹಿಂದುಗಡೆ ಒಣಗಿದ ಸುರಗಿ ಮಾಲೆಯ ಒಂದು ತುಂಡು ಸಿಕ್ಕಿಕೊಂಡಿತ್ತು. ಮುಟ್ಟಿದರೆ ಪುಡಿಯಾಗುವಂತಿತ್ತು, ವಾಸನೆ ಮಾತ್ರ ಹಾಗೇ ಇತ್ತು. ಅಕ್ಕೋರು ನೆನಪಾದರು...

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಇವರು ನನಗೆ ಕಲಿಸಿದವರಲ್ಲ. ನಿವೃತ್ತರಾದ ಮೇಲೆ ಕಾರವಾರದ ನನ್ನ ಕಂಪ್ಯೂಟರ್ ಅಂಗಡಿಗೆ ಗಿರಾಕಿಯಾಗಿ ಬಂದವರು. ಚಿತ್ತಾಕುಲದಿಂದ ಸೇತುವೆ ದಾಟಿ ಬಸ್ಸಿನಲ್ಲಿ ಬರುತ್ತಿದ್ದರು. ಅವರು ಹುಟ್ಟಿದ ಊರು ಅದಲ್ಲ. ಅರ್ಗಾದ ಬದಿಯ ಅವರ ಊರು ನೌಕಾನೆಲೆಯ ಗೋಡೆಯೊಳಗೆ ಹೋಗಿ, ಅಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಕಡೆ ಮನೆ ಕಟ್ಟಿಕೊಂಡಿದ್ದರು. ನಾನು ದಿನಾ ಅಂಕೋಲೆಯಿಂದ ಬರುವ ಬಸ್ಸು ಆ ಗೋಡೆಯ ಪಕ್ಕದಲ್ಲೇ ಹಾದುಬರುತ್ತದೆ. ಅಕ್ಕೋರ ಪರಿಚಯವಾಗುವ ತನಕ ಕಿಟಕಿಯಾಚೆ ಅದೊಂದು ಉದ್ದ ಗೋಡೆ, ಅಷ್ಟೇ ಆಗಿತ್ತು.

ಊರಿನ ಹೆಸರಲ್ಲಿ ಒಂದು ವೆಬ್‌ಸೈಟ್ ಮಾಡಬೇಕೆಂಬುದು ಅವರ ಹಟ. ಊರು ಬಿಡುವ ಮೊದಲು ಯಾರದೋ ಕ್ಯಾಮೆರಾ ಕೇಳಿ ತಂದು ಮನೆಮನೆಯ ಫೋಟೊ ತೆಗೆದಿಟ್ಟಿದ್ದರಂತೆ. ಸೈಟು ಕಟ್ಟಿಕೊಟ್ಟೆ. ಫೋಟೊಗಳನ್ನೂ ನಾನೇ ಏರಿಸಿಬಿಡುತ್ತೇನೆ ಅಂದರೆ ಸುತರಾಂ ಒಪ್ಪಲಿಲ್ಲ.

"ನಮ್ಮೂರ ಮನೆ ನಾನೇ ಒಪ್ಪ ಮಾಡ್ತೆ ತಮಾ. ನೀ ತೋರ್ಸಿಕೊಡು, ಸಾಕು."

ತೋರಿಸಿಕೊಟ್ಟೆ. ಸೈಟಿನ ಫೋಟೊ, ಪುಟ ಎಲ್ಲ ಇರುವುದು ಎಲ್ಲೋ ದೂರದ ಒಂದು ಯುನಿಕ್ಸ್ ಸರ್ವರಿನಲ್ಲಿ. ಬ್ರೌಸರಿನಲ್ಲಿ ಪಾಸ್‌ವರ್ಡ್ ಕೊಟ್ಟು ಒಳಗೆ ಹೋದರೆ ಫೈಲ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಇಲ್ಲಿಂದಲೇ ಅಲ್ಲಿ ಫೋಲ್ಡರು ಮಾಡಬಹುದು, ಫೋಟೊ ಏರಿಸಬಹುದು, ಹೆಸರು ಬದಲಿಸಬಹುದು, ಬೇಡವಾದದ್ದನ್ನು ಅಳಿಸಬಹುದು.

"ಆ ಮಶೀನು ಯಾವ ಊರಲ್ಲದೆ?" ಎಂದು ಕೇಳಿದರು.

"ಯಾರಿಗೆ ಗೊತ್ತು ಅಕ್ಕೋರೇ, ಸಿಂಗಾಪುರವೋ ಎಲ್ಲೋ."

"ಅಷ್ಟು ದೂರದ್ದನ್ನ ಇಲ್ಲೇ ಕೂತು ಗುಡಿಸಿ ಒರೆಸ್ಬಹುದು. ನಮ್ಮೂರು ಇಲ್ಲೇ ಅದೆ, ಹೋಗೂಕೆ ಬರೂದಿಲ್ಲ. ಎಂಥಾ ಮಜಾ ನೋಡು" ಎಂದು ನಕ್ಕರು. ನನಗೆ ನಗಲು ಆಗಲಿಲ್ಲ.

ಒಂದು ಮನೆಗೆ ಒಂದು ಫೋಲ್ಡರು ಎಂದು ಶುರು ಮಾಡಿದರು. ಕಂಪ್ಯೂಟರು ಅವನ್ನೆಲ್ಲ ಅಕ್ಷರಮಾಲೆಯ ಪ್ರಕಾರ ಜೋಡಿಸಿಬಿಟ್ಟಿತು. ಊರಿನ ಕೊನೆಯ ಅಂಚಿನಮನೆ ಎಲ್ಲಕ್ಕಿಂತ ಮೇಲೆ ಬಂತು. ಹಳೇಮನೆಯೂ ಹೊಸಮನೆಯೂ ಒಂದರ ಕೆಳಗೊಂದು ಬಂದವು. ಅಕ್ಕೋರು ಕನ್ನಡಕ ತೆಗೆದು ನನ್ನನ್ನೇ ದಿಟ್ಟಿಸಿದರು.

"ಮುಖಕ್ಕೆ ಮುಖ ನೋಡದ ಅಣ್ಣತಮ್ಮಂದಿರು ಮಾರಾಯಾ. ನಡುವೆ ಒಂದು ಗದ್ದೆಯೇ ಇತ್ತು. ನೀ ತಂದು ಗೋಡೆಗೆ ಗೋಡೆ ತಾಗ್ಸಿದ್ಯಲ್ಲೋ!"

ಹೆಸರಿನ ಮುಂದೆ ಒಂದೊಂದು ಅಂಕಿ ಹಾಕಿದರೆ ಬೇಕಾದ ಸಾಲಿನಲ್ಲಿ ನಿಲ್ಲುತ್ತವೆ ಎಂದು ಹೇಳಿಕೊಟ್ಟೆ. ಆಮೇಲೆ ಹೊಳೆಬದಿಯಿಂದ ಗುಡ್ಡದ ಬುಡದ ತನಕ ಊರು ಇದ್ದ ಹಾಗೇ ಮನೆಗಳು ಬಂದು ನಿಂತವು. ಯಾರು ಓದಬಹುದು, ಯಾರು ತಿದ್ದಬಹುದು ಎಂದು ಗುರುತು ಹಾಕುವ ಚೌಕಗಳೂ ಅಲ್ಲಿರುತ್ತವೆ. ಓದುವ ಚೌಕವನ್ನು ಅಕ್ಕೋರು ಎಲ್ಲರಿಗೂ ತೆರೆದಿಟ್ಟರು. "ನೋಡೂಕೆ ಬರೂರಿಗೆ ಇಲ್ಲಿ ನೇವಿ ಗೇಟಿನ ಹಂಗೆ ಪಾಸು ಬೇಡ" ಅಂದರು.

ಆ ಸಾಲಿನಲ್ಲಿ ಬಾವಿಮನೆಯ ಪಕ್ಕದ ಫೋಲ್ಡರು ಅವರದ್ದು. ಅದರಲ್ಲಿ ಮಾತ್ರ ಏನೂ ಇರಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ. ಎಲ್ಲರ ಮನೆಯದು ಆಗಲಿ, ನಮ್ಮದು ಎಲ್ಲಿಗೆ ಹೋಗುತ್ತದೆ, ಕಡೆಗೆ ತೆಗೆದರಾಯಿತು ಎಂದು ಬಿಟ್ಟಿದ್ದರಂತೆ. ಅವರ ಮನೆಯ ಸರದಿ ಬರುವಷ್ಟರಲ್ಲಿ ರೀಲು ಮುಗಿದಿತ್ತು. ಇನ್ನೊಂದು ರೀಲು ತರುವ ಹೊತ್ತಿಗೆ ಮನೆಯೇ ಇರಲಿಲ್ಲ... ಅಂಥದ್ದೇ ಹೆಂಚಿನ ಮನೆಯ ಫೋಟೊ ಎಲ್ಲಾದರೂ ಸಿಕ್ಕರೆ ಹಾಕೋಣವೇ ಎಂದೆ. ಅಕ್ಕೋರಿಗೆ ಸಿಟ್ಟು ಬಂತು.

"ಯಾರದೋ ಮನೆ ತಂದು ನಮ್ಮನೆ ಅನ್ನೂದೋ? ಖಾಲಿ ಇರ್ಲಿ ಬಿಡು. ಜಾಗ ಒಂದಿದ್ರೆ ಆಯ್ತು."

ಮತ್ತೆ ಆ ಮಾತು ಎತ್ತಲಿಲ್ಲ. ಬಂದಾಗಲೆಲ್ಲ ಅವರು ಒಂದೊಂದೇ ಫೋಲ್ಡರು ತೆರೆದು ನೋಡುವರು, ಕೊನೆಗೆ ತಮ್ಮದು. "ಈ ಫೋಲ್ಡರು ಖಾಲಿ ಇದೆ" ಎಂಬ ಸಾಲು ಬರುತ್ತಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿ ಹೊರಗೆ ಬರುವರು. ಸುರಗಿಯ ಕಾಲದಲ್ಲಾದರೆ ಪೇಟೆಯಲ್ಲಿ ಕೊಂಡ ಮಾಲೆಯಿಂದ ಒಂದು ತುಂಡು ಹರಿದು ನನ್ನ ಕೀಬೋರ್ಡಿನ ಹತ್ತಿರ ಇಡುವರು. ಊರಿನ ಅವರ ಮನೆಯ ಹಿಂದೆ ಸುರಗಿ ಮರವಿತ್ತಂತೆ. ಇಷ್ಟು ವರ್ಷವಾದರೂ ಹೂವನ್ನು ದುಡ್ಡು ಕೊಟ್ಟು ತರುವುದು ಅವರಿಗೆ ಒಗ್ಗಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಬರುವುದು ನಿಂತಿತು. ಮಳೆ ಕಡಿಮೆಯಾದ ಮೇಲೆ ಬಂದಾರು ಎಂದುಕೊಂಡೆ. ಬಂದದ್ದು ಅವರ ತಂಗಿಯ ಮಗಳು, ಮರಣ ದಾಖಲೆಯ ಝೆರಾಕ್ಸಿಗೆ. ಅದರಲ್ಲಿ ಅಕ್ಕೋರ ಹೆಸರಿತ್ತು. ಅತ್ತೆ, ಚಿಕ್ಕಮ್ಮ ಎನ್ನುವ ಯಾವ ಸಂಬಂಧವೂ ಇಲ್ಲದವರಿಗಾಗಿ ಅಂದು ಅಂಗಡಿಯ ಬಾಗಿಲೆಳೆದುಕೊಂಡು ಅತ್ತುಬಿಟ್ಟೆ.

ಮಾಲೆ ಸಿಕ್ಕ ದಿನ ಆ ಸೈಟಿನದೇ ಕೆಲಸ ಹಿಡಿದಿದ್ದೆ. ಹಳೆಯ ಸರ್ವರು ಮುಚ್ಚುತ್ತದೆ, ಎಲ್ಲವನ್ನೂ ಹೊಸದಕ್ಕೆ ಸಾಗಿಸಿಕೊಳ್ಳಿ ಎಂದು ಕಂಪನಿಯವರ ಮೇಲ್ ಬಂದಿತ್ತು. ಒಂದು ಗುಂಡಿ ಒತ್ತಿದರೆ ಆಗುವ ಕೆಲಸ. ಆದರೆ ಕೆಳಗೊಂದು ಸೂಚನೆಯಿತ್ತು: ಖಾಲಿ ಫೋಲ್ಡರುಗಳು ಹೊಸ ಸರ್ವರಿಗೆ ಬರುವುದಿಲ್ಲ.

ಅಂದರೆ ಇಡೀ ಊರು ಹೊಸ ಸರ್ವರಿಗೆ ಹೋಗುತ್ತದೆ, ಅಕ್ಕೋರ ಮನೆಯೊಂದು ಬಿಟ್ಟು. ಒಂದು ಸಲ ನೆಲಸಮವಾದ ಮನೆ ಇನ್ನೊಂದು ಸಲ ಇಲ್ಲವಾಗುವುದು ನನ್ನ ಕೈಯಿಂದಲೇ ಆಗಬೇಕೇ?

ಒಳಗೆ ಏನಾದರೂ ಒಂದು ಇದ್ದರೆ ಸಾಕಿತ್ತು. ಸುರಗಿ ಮಾಲೆಯ ಫೋಟೊ ತೆಗೆಯೋಣ ಎಂದು ಮೊಬೈಲು ಎತ್ತಿದೆ. ಇದು ಪೇಟೆಯ ಹೂವು, ಅವರ ಮರದ್ದಲ್ಲ. ಅಕ್ಕೋರು ಸಿಟ್ಟಾದದ್ದು ನೆನಪಾಗಿ ಕೆಳಗಿಟ್ಟೆ. ಆಮೇಲೆ ಅವರ ಫೋಲ್ಡರು ತೆರೆದು ಹೊಸ ಫೈಲೊಂದನ್ನು ಮಾಡಿದೆ. ಒಳಗೆ ಒಂದಕ್ಷರವೂ ಬರೆಯಲಿಲ್ಲ. ಹೆಸರು ಕೇಳಿತು. "ಅಕ್ಕೋರು" ಎಂದು ಕೊಟ್ಟು ಉಳಿಸಿದೆ.

ಎಲ್ಲ ಸಾಗಿತು. ಹೊಸ ಸರ್ವರಿನಲ್ಲಿ ಹೊಳೆಬದಿಯಿಂದ ಒಂದೊಂದೇ ಮನೆ ನೋಡುತ್ತ ಬಂದೆ. ಬಾವಿಮನೆ ಇತ್ತು, ಅದರ ಪಕ್ಕದಲ್ಲಿ ಅವರ ಮನೆಯೂ ಇತ್ತು. ಒಳಗೆ ಹೋದೆ. ಅಕ್ಕೋರು ಎಂಬ ಹೆಸರೊಂದೇ ಇತ್ತು, ತೆರೆದರೆ ಬರೀ ಬಿಳಿ. ಫೋಲ್ಡರು ಖಾಲಿ ಇದೆ ಎನ್ನುವ ಆ ಸಾಲು ಮಾತ್ರ ಈಗ ಬರುವುದಿಲ್ಲ. ಅದು ಹೋದದ್ದನ್ನು ನೋಡಲು ಅವರಿಲ್ಲ...