ಲಾಭಬಡುಕಿಯ ಆರು ಪೆನ್ನಿ

ಕೆಜಿಯಾ ಆಲರೆನ್‌ಷಾ ಹಟಮಾರಿ, ಜಿಪುಣಿ; ಇನ್ನೊಬ್ಬರಿಗಾಗಿ ಒಂದಿಂಚು ಬಗ್ಗಿದವಳಲ್ಲ. ಸತ್ತವರ ಬಗ್ಗೆ ಸಿಹಿಯಾಗಿ ಬರೆಯುವುದು ನನಗೆ ಬರುವುದಿಲ್ಲ. ಆಕೆಗೂ ಅದು ಬೇಕಿರಲಿಲ್ಲ.

ಲ್ಯಾಂಕಷೈರಿನ ನಮ್ಮ ಆರ್ಡ್ಲಿ ಊರಿನಲ್ಲಿ ಆಕೆಯದು ಜೋಡಿನ ಅಂಗಡಿ. ಗಂಡ ಸತ್ತ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಮರದ ಅಟ್ಟೆ, ಮೇಲೆ ಚರ್ಮ, ಅಡಿಯಲ್ಲಿ ಕಬ್ಬಿಣದ ಲಾಳ. ಹತ್ತಿ ಗಿರಣಿಯ ಒದ್ದೆ ನೆಲಕ್ಕೆ ಬೇರೆ ಜೋಡು ತಾಳುವುದಿಲ್ಲ. ಲಾಳ ಸವೆದರೆ ಹೆಂಗಸರು ಬಂದು ಬರಿಯ ಕಾಲುಚೀಲದಲ್ಲಿ ಬೆಂಚಿನ ಮೇಲೆ ಸಾಲಾಗಿ ಕೂತು ಹರಟುತ್ತಿದ್ದರು. ಕೆಜಿಯಾ ಹಳೆಯದನ್ನು ಕಿತ್ತು ಹೊಸದನ್ನು ಬಡಿಯುತ್ತಿದ್ದಳು. ಯಾವ ಲಾಳ ಬೇಕೆಂದು ಯಾರನ್ನೂ ಕೇಳುತ್ತಿರಲಿಲ್ಲ. ಜೋಡನ್ನು ತಿರುಗಿಸಿ ಸವೆದ ಜಾಗ ನೋಡುವುದು, ಡಬ್ಬಿಯಿಂದ ತನಗೆ ಸರಿ ಕಂಡದ್ದನ್ನು ತೆಗೆಯುವುದು, ಬಡಿದು ಬೆಲೆ ಹೇಳುವುದು. ಚೌಕಾಸಿ ಮಾಡಿದವರಿಗೆ ಉತ್ತರ ಸಿಗುತ್ತಿರಲಿಲ್ಲ, ಬಾಯಿ ತುಂಬ ಮೊಳೆ ಇಟ್ಟುಕೊಂಡಿರುತ್ತಿದ್ದಳು.

ಯುದ್ಧ ಮುಗಿದ ಮರುವರ್ಷ, ೧೯೧೯ರಲ್ಲಿ, ಇಡೀ ದೇಶದ ಬಾಯಲ್ಲಿ ಒಂದೇ ಬೈಗುಳ: ಪ್ರಾಫಿಟಿಯರ್. ಬೆಣ್ಣೆ ದುಬಾರಿಯಾದರೂ ಅದೇ ಮಾತು, ಕಲ್ಲಿದ್ದಲು ಸಿಗದಿದ್ದರೂ ಅದೇ ಮಾತು. ಸರ್ಕಾರ ಒಂದು ಕಾನೂನು ತಂದು, ಬೆಲೆಯ ಬಗ್ಗೆ ದೂರು ಕೇಳಲು ಊರೂರಿಗೆ ಮಂಡಳಿ ಮಾಡಿತು. ನಮ್ಮೂರ ಮಂಡಳಿಯ ಮುಂದೆ ಬಂದ ಮೊದಲ ಹೆಸರೇ ಕೆಜಿಯಾಳದು. ದೂರು ಕೊಟ್ಟವಳು ನೆಲ್ಲಿ ಟಾಟರ್ಸಲ್, ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡ ಅಗಸಗಿತ್ತಿ. ಮಗನ ಜೋಡಿಗೆ ಒಂದು ಶಿಲಿಂಗ್ ಮೂರು ಪೆನ್ನಿಯ ಲಾಳ ಹಾಕಿಸಲು ಹೋದರೆ ಕೆಜಿಯಾ ಒಂದು ಶಿಲಿಂಗ್ ಒಂಬತ್ತು ಪೆನ್ನಿ ಕಿತ್ತುಕೊಂಡಳು ಎಂಬುದು ದೂರು. ಸುದ್ದಿ ಹರಡಿದ ರಾತ್ರಿ ಕಳೆಯುವಷ್ಟರಲ್ಲಿ ಅಂಗಡಿಯ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಆ ಪದ ಗೀಚಿದ್ದರು.

ಕೆಜಿಯಾ ನೇರವಾಗಿ ನನ್ನ ಶಾಲೆಗೆ ಬಂದಳು.

“ಟೀಚರಮ್ಮ, ನಿಮ್ಮ ದಪ್ಪ ಪುಸ್ತಕದಲ್ಲಿ ಈ ಮಾತಿಗೆ ಏನರ್ಥ ಬರ್ದಿದ್ದಾರೆ ತೋರ್ಸಿ. ಬೈಸ್ಕೊಂಡ ಮೇಲೆ ಏನಂತ ಬೈದ್ರು ಅಂತಾದ್ರೂ ಗೊತ್ತಾಗ್ಬೇಕಲ್ಲ.”

ನಿಘಂಟು ತೆಗೆದೆ. ಪ್ರಾಫಿಟ್ ಇತ್ತು. ಲಾಭ, ಪ್ರಯೋಜನ; ಲ್ಯಾಟಿನ್ ಮೂಲದಲ್ಲಿ ಮುಂದೆ ಸಾಗುವುದು. ಪ್ರಾಫಿಟಿಯರ್ ಇರಲಿಲ್ಲ. ನಮ್ಮ ಶಾಲೆಯ ನಿಘಂಟು ಇಪ್ಪತ್ತು ವರ್ಷದಷ್ಟು ಹಳೆಯದು.

“ಇದರಲ್ಲಿಲ್ಲ” ಎಂದೆ. “ಯುದ್ಧದಲ್ಲಿ ಪೇಪರಿನವರು ಬೆಳೆಸಿದ ಪದ. ಸಿಪಾಯಿಗಳ ಬೂಟಿಗೆ ರಟ್ಟಿನ ಅಟ್ಟೆ ಹಾಕಿ ಮಾರಿದೋರು, ಮಾಲು ಬಚ್ಚಿಟ್ಟು ಬೆಲೆ ಏರಿಸಿದೋರು, ಅಂಥವರಿಗೆ ಹೇಳ್ತಾರೆ. ಜನರ ಕಷ್ಟಾನೇ ಲಾಭ ಮಾಡ್ಕೊಳ್ಳೋರು. ಪ್ರಾಫಿಟ್ ಹಿಂದೆ ಅಂಟಿಸಿದಾರಲ್ಲ ‘ಇಯರ್’ ಅನ್ನೋ ಬಾಲ, ಹಿಂದೆ ಸಮುದ್ರದಲ್ಲಿ ಹಡಗು ಲೂಟಿ ಮಾಡ್ತಿದ್ದ ಬಕನಿಯರ್‌ಗಳ ಹೆಸರಿಗೂ ಅದೇ ಇತ್ತು.”

“ನಾನು ಸಮುದ್ರ ನೋಡಿದ್ದೇ ಒಂದ್ಸಲ, ಬ್ಲ್ಯಾಕ್‌ಪೂಲಲ್ಲಿ. ಚಳಿ ಆಗಿ ಮನೆಗೆ ಬಂದೆ.” ಬಾಗಿಲಲ್ಲಿ ನಿಂತು ಮತ್ತೆ ಹೇಳಿದಳು: “ಸರಿ, ಅರ್ಥ ಸಿಕ್ತು. ಯಾರ ಕಾಲಿಗೆ ಆಗುತ್ತೋ ನೋಡೋಣ.”

ವಿಚಾರಣೆ ಟೌನ್ ಹಾಲಿನ ಮೇಲಂತಸ್ತಿನಲ್ಲಿ. ಕಾಲಿಡಲು ಜಾಗವಿರಲಿಲ್ಲ. ಅಧ್ಯಕ್ಷ ಜೋಶುವಾ ಕ್ರಾಬ್‌ಟ್ರೀ. ಕಣಿವೆಯ ಅಷ್ಟೂ ಜೋಡಿನ ಅಂಗಡಿಗಳಿಗೆ ಲಾಳ ಹೋಗುತ್ತಿದ್ದುದು ಅವನ ಗೋದಾಮಿನಿಂದ. ನೆಲ್ಲಿ ಬಟ್ಟೆ ಒಗೆಯುತ್ತಿದ್ದುದು ಅವನ ಮನೆಯಲ್ಲಿ. ಇದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ತಪ್ಪಾಯ್ತು ಅಂತ ಹೇಳಿ ಆರು ಪೆನ್ನಿ ವಾಪಸ್ ಕೊಟ್ಬಿಡಿ, ಮಿಸೆಸ್ ಆಲರೆನ್‌ಷಾ. ಇಲ್ಲಿಗೇ ಮುಗಿಸೋಣ” ಎಂದ ಕ್ರಾಬ್‌ಟ್ರೀ.

“ಏನು ತಪ್ಪಾಯ್ತು ಅಂತ ಹೇಳ್ಲಿ?”

“ಹೆಚ್ಚು ಬೆಲೆ ತಗೊಂಡಿದ್ದು.”

“ಇವಳ ಮಗ ಬೀದಿಯ ಕಲ್ಲಿಗೆಲ್ಲ ಕಾಲು ಉಜ್ಜಿ ಕಿಡಿ ಹಾರಿಸ್ತಾನೆ. ತೆಳು ಲಾಳ ಅವನಿಗೆ ಮೂರು ವಾರ ಬರಲ್ಲ. ದಪ್ಪದ್ದು ಹಾಕ್ದೆ, ದಪ್ಪದ್ದರ ಬೆಲೆ ತಗೊಂಡೆ.”

“ಹಾಗಂತ ಇವರಿಗೆ ಹೇಳಿದ್ರಾ?”

“ಯಾಕೆ ಹೇಳ್ಬೇಕು? ಹಲ್ಲು ಕೀಳೋನು ಯಾವ ಹಲ್ಲು ಅಂತ ನಿಮ್ಮನ್ನ ಕೇಳಿ ಕೀಳ್ತಾನಾ?”

“ನನ್ನ ಕೇಳ್ಲಿಲ್ಲ ಕಣೇ ಕೆಜಿಯಾ, ಒಳ್ಳೇ ಹಲ್ಲೇ ಹೋಯ್ತು!” ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ನಗುವನ್ನು ನಿಲ್ಲಿಸಲು ಗುಮಾಸ್ತ ಮೇಜು ಕುಟ್ಟಬೇಕಾಯಿತು.

ಕೆಜಿಯಾ ನಗಲಿಲ್ಲ. “ಆ ಆರು ಪೆನ್ನೀಲಿ ನನ್ನ ಕೈಗೆ ಬಂದಿದ್ದು ಒಂದು. ಮಿಕ್ಕ ಐದು ನಿಮ್ಮ ಗೋದಾಮಿಗೆ ಬಂತು, ಕ್ರಾಬ್‌ಟ್ರೀಯವರೇ. ಯುದ್ಧಕ್ಕೆ ಮುಂಚೆ ತಂದು ಪೇರಿಸಿಟ್ಟ ಲಾಳ. ತುಕ್ಕು ಕೆರೆದು ಬಡೀತಿದೀನಿ ನಾನು. ಅದನ್ನ ಯುದ್ಧದ ರೇಟಿಗೆ ಮಾರಿದ್ರಿ ನೀವು. ನಾನು ಲಾಭ ಮಾಡ್ತೀನಿ, ಹೌದು, ಮಾಡ್ದೆ ಗಾಳಿ ತಿನ್ಲಾ? ಆದ್ರೆ ಬಾಗಿಲ ಮೇಲೆ ಬರೆದ ಆ ಮಾತಿದೆಯಲ್ಲ, ಟೀಚರಮ್ಮ ಅರ್ಥ ಹೇಳಿದ್ರು. ಅಳೆದು ನೋಡ್ದೆ. ನನ್ನ ಕಾಲಿಗೆ ಅದು ದೊಡ್ಡದು. ನಿಮ್ಮ ಕಾಲು ಮೇಜಿನ ಕೆಳಗಿಂದ ಆಚೆ ಹಾಕಿ ನೋಡೋಣ.”

ಕ್ರಾಬ್‌ಟ್ರೀಯ ಕತ್ತು ಕೆಂಪೇರಿತು. “ಸಗಟು ವ್ಯಾಪಾರ ಈ ಮಂಡಳಿಯ ವ್ಯಾಪ್ತಿಗೆ ಬರಲ್ಲ” ಎಂದ. ಅದು ನಿಜವೂ ಆಗಿತ್ತು. ಕಾನೂನು ಬರೆದವರು ಅಷ್ಟು ಜಾಗರೂಕರಾಗಿದ್ದರು.

ಆದೇಶವಾಯಿತು: ಅಂದಿನಿಂದ ಎರಡನೇ ಶನಿವಾರ ಮಧ್ಯಾಹ್ನ ಎರಡು ಗಂಟೆಯೊಳಗೆ ನೆಲ್ಲಿಗೆ ಆರು ಪೆನ್ನಿ ಕೊಟ್ಟು, ಮಂಡಳಿಯ ರಸೀದಿಗೆ ಆಕೆಯ ಸಹಿ ಹಾಕಿಸಿ ತಲುಪಿಸಬೇಕು. ತಪ್ಪಿದರೆ ಕೋರ್ಟು, ದಂಡ ಅಥವಾ ಜೈಲು.

“ಜೈಲಿಗೇ ಹಾಕಿ. ಅಲ್ಲಿರೋರಿಗೂ ಕಾಲಿರುತ್ತೆ” ಎಂದು ಕೆಜಿಯಾ ಮೆಟ್ಟಿಲಿಳಿದಳು. ಆಕೆಯ ಲಾಳದ ಸದ್ದು ಬೀದಿ ತಿರುಗುವವರೆಗೆ ಕೇಳಿಸಿತು.

ಜೈಲಿಗೆ ಹೋಗುವುದು ಹೇಳುವಷ್ಟು ಸುಲಭವಿರಲಿಲ್ಲ. ಅಂಗಡಿ ಒಂದು ವಾರ ಮುಚ್ಚಿದರೆ ಸಾಕು, ಕೈತಪ್ಪುತ್ತಿತ್ತು; ಕಟ್ಟಡದ ಮಾಲೀಕ ಆ ಜಾಗಕ್ಕೆ ಮೀನು ಕರಿದು ಮಾರುವವನೊಬ್ಬನನ್ನು ಆಗಲೇ ನೋಡಿಟ್ಟಿದ್ದ. ಆದರೂ ಮರುದಿನ ಕೆಜಿಯಾ ಬಾಗಿಲ ಮೇಲಿನ ಸೀಮೆಸುಣ್ಣ ಒರೆಸಲಿಲ್ಲ. ಕಪ್ಪು ಬಣ್ಣ ತಂದು ಅದೇ ಅಕ್ಷರಗಳ ಮೇಲೆ ದಪ್ಪವಾಗಿ ತಿದ್ದಿದಳು. ಕೆಳಗೆ ಸೇರಿಸಿದಳು: ‘ದಪ್ಪ ಲಾಳ ಒಂದು ಶಿಲಿಂಗ್ ಒಂಬತ್ತು. ಗೋದಾಮಿಗೆ ಒಂದು ಶಿಲಿಂಗ್ ನಾಲ್ಕು. ನನಗೆ ಐದು ಪೆನ್ನಿ. ಇಷ್ಟವಿದ್ದವರು ಒಳಗೆ ಬನ್ನಿ.’

ಕೆಲವರು ಬರುವುದನ್ನು ಬಿಟ್ಟರು. ಗಿರಣಿಯ ನೇಯುವ ಹೆಂಗಸರು ಮಾತ್ರ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿ, “ಏ ಲಾಭಬಡುಕಿ, ನಂಗೂ ಒಂದ್ಜೊತೆ ಬಡಿ” ಎನ್ನುತ್ತ ಒಳಗೆ ಬಂದರು. ಚರ್ಚಿನ ಪಾದ್ರಿ ಬುದ್ಧಿ ಹೇಳಲು ಬಂದರು.

“ಬರೀ ಆರು ಪೆನ್ನಿಗೆ ಯಾಕಮ್ಮ ಇಷ್ಟು ಹಟ?”

“ಆರು ಪೆನ್ನಿ ನಿಮ್ಮ ಹುಂಡಿಗೆ ಬೇಕಾದ್ರೆ ಹಾಕ್ತೀನಿ ಸ್ವಾಮಿ. ಅವರು ಹೇಳಿದ್ರು ಅಂತ ಕೊಟ್ರೆ ಆ ಹೆಸರು ನಂದು ಅಂತ ಒಪ್ಪಿದ ಹಾಗೆ. ಸಾಯೋವರೆಗೂ ಹೊತ್ಕೊಂಡು ತಿರುಗೋಳು ನಾನು, ನೀವಲ್ಲ.”

ಪಾದ್ರಿ ಹೋದರು. ಹುಂಡಿಗೆ ಏನೂ ಬೀಳಲಿಲ್ಲವೆಂದು ಆಮೇಲೆ ಕೇಳಿದೆ.

ಗಡುವಿನ ಶನಿವಾರ ಬಂತು. ಗಿರಣಿ ಹನ್ನೆರಡಕ್ಕೆ ಬಿಟ್ಟಿತ್ತು. ನಾನು ಕಾಲುಚೀಲದಲ್ಲಿ ಬೆಂಚಿನ ಮೇಲೆ ಕೂತಿದ್ದೆ, ನನ್ನ ಪಕ್ಕದಲ್ಲಿ ಇನ್ನೂ ಮೂವರು. ನೆಲ್ಲಿ ಒಳಗೆ ಬಂದಳು.

“ಕೆಜಿಯಕ್ಕ, ಈಗಲೇ ಹೋಗಿ ದೂರು ವಾಪಸ್ ತಗೋತೀನಿ.”

ಕೆಜಿಯಾ ಬಾಯಿಂದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡಳು. “ಯಾಕೆ? ನಾನು ಒಂದು ಶಿಲಿಂಗ್ ಒಂಬತ್ತು ತಗೊಂಡಿದ್ದು ಸುಳ್ಳಾ?”

“ಸುಳ್ಳಲ್ಲ. ಆದ್ರೆ ಹುಡುಗನ ಲಾಳ ನೋಡ್ದೆ, ಇನ್ನೂ ಹೊಸದರ ಹಾಗಿದೆ. ಆವತ್ತು ನಂಗೆ ತಿಳೀಲಿಲ್ಲ, ಕ್ರಾಬ್‌ಟ್ರೀಯವರ ಮನೇಲಿ ಬಟ್ಟೆ ಒಗೀತಾ ಒದರಾಡ್ದೆ. ಯಜಮಾನ್ರು ಕೇಳಿಸ್ಕೊಂಡು ತಾವೇ ಕಾಗದ ಬರೆದ್ರು. ಸೈನ್ ಹಾಕು ಅಂದ್ರು, ಹಾಕ್ದೆ.”

“ವಾಪಸ್ ತಗೊಂಡ್ರೆ ಸೋಮವಾರ ಅವರ ಮನೆ ಬಟ್ಟೆ ಯಾರು ಒಗೀತಾರೆ?”

ನೆಲ್ಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿದಳು. “ಬೇರೆ ಮನೆ ಹುಡುಕ್ಕೋತೀನಿ.”

“ದುಡ್ಡು ಕೊಟ್ಟು ಬಟ್ಟೆ ಒಗೆಸೋ ಮನೆ ಈ ಊರಲ್ಲಿ ಎಷ್ಟಿದೆ? ಅದರಲ್ಲಿ ಕ್ರಾಬ್‌ಟ್ರೀ ಜೊತೆ ಊಟಕ್ಕೆ ಕೂರದೆ ಇರೋದು ಎಷ್ಟು? ಎಣಿಸು, ನಾನು ಕಾಯ್ತೀನಿ.”

ಕೆಜಿಯಾ ಎದ್ದು, ಚರ್ಮದ ಏಪ್ರನ್ನಿನ ಜೇಬಿನಿಂದ ಆರು ಪೆನ್ನಿಯ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಮಂಡಳಿಯ ರಸೀದಿ ಬಿಡಿಸಿದಳು.

“ಸೈನ್ ಹಾಕು.”

“ಕೊಟ್ರೆ ಆ ಹೆಸರು ನಿಮ್ಮದೇ ಆಗುತ್ತೆ” ಎಂದೆ ನಾನು.

“ಬಾಗಿಲ ಮೇಲೆ ಇಷ್ಟುದ್ದ ಬರೆದಿದೀನಿ. ಟೀಚರಮ್ಮಂಗೆ ಓದೋಕೆ ಬರಲ್ವಾ?” ನೆಲ್ಲಿಯ ಕಡೆ ತಿರುಗಿದಳು. “ನೀನೇನು ನೋಡ್ತಿದೀಯ? ಹಾಕು. ಮುಂದಿನ ಸಲವೂ ಒಂದು ಶಿಲಿಂಗ್ ಒಂಬತ್ತೇ, ಒಂದು ಪೆನ್ನಿ ಬಿಡಲ್ಲ.”

ನೆಲ್ಲಿ ಹೆಸರು ಬರೆದಳು. ಕೆಜಿಯಾ ರಸೀದಿಯನ್ನು ಮಡಿಸಿ ನನ್ನ ಜೋಡಿನ ಜೊತೆಗೆ ನನ್ನ ಕೈಯಲ್ಲಿಟ್ಟು, ಟೌನ್ ಹಾಲು ಎರಡಕ್ಕೆ ಮುಚ್ಚುತ್ತದೆ, ಬೇಗ ಹೋಗಿ ಎಂದಳು.