ಬಿಸಿಲ ಕಡೆ ಕೂತವನು

ಲಿಂಡ್ಸೆ ಪೆತರಿಕ್‌ನ ಎಡಗಣ್ಣಿನ ಅಂಚಿನಲ್ಲಿ ಮಸುಕು ಶುರುವಾದಾಗ ಅವನಿಗೆ ಎಪ್ಪತ್ತರ ಹತ್ತಿರ. ವಿಂಟನ್ ಊರಿನ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ. "ಈ ವರ್ಷ ಬೈಕ್ ಓಡಿಸ್ಕೊಳ್ಳಿ. ಮುಂದಿನ ವರ್ಷ ನಿಮ್ ಲೈಸೆನ್ಸಿಗೆ ನಾನಂತೂ ಸಹಿ ಹಾಕಲ್ಲ" ಎಂದುಬಿಟ್ಟಳು.

ಜೀವಮಾನವೆಲ್ಲ ಪಶ್ಚಿಮ ಕ್ವೀನ್ಸ್‌ಲ್ಯಾಂಡಿನ ಬಯಲುಗಳಲ್ಲಿ, ದನಗಳಿಗೆ ನೀರೆತ್ತುವ ಗಾಳಿಯಂತ್ರಗಳನ್ನು ರಿಪೇರಿ ಮಾಡಿಕೊಂಡಿದ್ದ ಮನುಷ್ಯ. ದೊಡ್ಡ ಆಸೆಗಳೇನೂ ಇರಲಿಲ್ಲ, ಒಂದರ ಹೊರತು. ಒಂದು ಹಗಲು ಒಂದು ರಾತ್ರಿಯೊಳಗೆ ಬೈಕಿನಲ್ಲಿ ಸಾವಿರ ಮೈಲಿ ಮುಗಿಸಬೇಕು. ಹಾಗೆ ಮುಗಿಸಿದವರ ಹೆಸರನ್ನು ಬೈಕಿನವರ ಸಂಘ ಒಂದು ಹಲಗೆಯ ಮೇಲೆ ಕೆತ್ತಿಸುತ್ತಿತ್ತು. ಅಲ್ಲಿ ತನ್ನದೂ ಇರಬೇಕೆಂಬುದು ಅವನ ಹುಚ್ಚು.

ಎರಡು ಸಲ ಹೊರಟಿದ್ದ. ಮೊದಲನೇ ಸಲ ಅಕಾಲದ ಮಳೆಗೆ ಕರಿಮಣ್ಣು ಚಕ್ರ ಹಿಡಿದುಕೊಂಡಿತು. ಎರಡನೇ ಸಲ ಜಲ್ಲಿಯಲ್ಲಿ ಜಾರಿಬಿದ್ದು ಭುಜದ ಮೂಳೆ ಮುರಿಯಿತು. ಮುರಿದ ಭುಜ ಹಿಡಿದು ರಸ್ತೆಬದಿ ಕೂತವನನ್ನು ಕಂಡು ಕಾರೊಂದು ನಿಧಾನಿಸಿ, "ಸರಿಯಿದೀಯೇನಪ್ಪಾ?" ಎಂದು ಕೇಳಿತು. ಈ ಪುಣ್ಯಾತ್ಮ ಎಲ್ಲ ಸರಿಯಿದೆ ಎಂದು ಹೆಬ್ಬೆರಳು ಎತ್ತಿ ತೋರಿಸಿದ! ಕಾರು ಹೊರಟುಹೋಯಿತು. ಮುಂದಿನ ಗಾಡಿ ಬಂದದ್ದು ಸಂಜೆಗೆ.

ನಮ್ಮ ಕಡೆ ರಸ್ತೆಯಲ್ಲಿ ಯಾರು ನಿಂತಿದ್ದರೂ ಕೇಳದೆ ಮುಂದೆ ಹೋಗುವವರಿಲ್ಲ. ಕೇಳಿಸಿಕೊಂಡವನು ಹೆಬ್ಬೆರಳು ಎತ್ತದೆ ಇರುವುದೂ ಇಲ್ಲ. ಮೊದಲನೆಯದು ನಮ್ಮ ದೊಡ್ಡತನ, ಎರಡನೆಯದು ನಮ್ಮ ದಡ್ಡತನ.

"ಸತ್ರೂ ಪೆಟ್ಟಿಗೆಯೊಳಗಿಂದ ಬೆರಳೆತ್ತೋ ಜಾತಿ ನೀನು" ಎಂದು ಹೆಂಡತಿ ನೋಲೀನ್ ಆಡಿಕೊಳ್ಳುತ್ತಿದ್ದಳು. ಆದರೂ ಮೂರನೆಯ ಸಲ ಹೊರಟಾಗ ಅವಳೇ ಮಾಂಸದ ಸ್ಯಾಂಡ್‌ವಿಚ್ ಕಟ್ಟಿಕೊಟ್ಟು, "ಹೋಗು, ಮುಗಿಸ್ಕೊಂಡೇ ಬಾ. ಇಲ್ದಿದ್ರೆ ಉಳಿದಷ್ಟು ದಿನ ನನ್ ತಲೆ ತಿಂತೀಯ" ಎಂದಳು.

ಬೆಳಕು ಹರಿಯುವ ಮುಂಚೆ ಹೊರಟ. ಪೆಟ್ರೋಲ್ ಹಾಕಿಸಿದಲ್ಲೆಲ್ಲ ಸಾಕ್ಷಿಗೆ ಸಹಿ ಮಾಡಿಸಿಕೊಂಡ. ಬೆನ್ನು ಸೆಟೆದುಕೊಂಡಿತು, ಬೆರಳು ಜೋಮು ಹಿಡಿದವು, ಆದರೆ ಮಧ್ಯಾಹ್ನ ಬೌಲಿಯಾ ಊರು ದಾಟುವಾಗ ಲೆಕ್ಕಕ್ಕಿಂತ ಮುಂದೆಯೇ ಇದ್ದ. ಈ ಸಲ ಆಗಿಯೇ ಹೋಯಿತು ಎನ್ನಿಸಿ, ಹೆಲ್ಮೆಟ್ಟಿನೊಳಗೆ ಒಬ್ಬನೇ ನಗುತ್ತಿದ್ದ.

ಆಮೇಲೆ ಹಾದಿಯಲ್ಲಿ ಒಂದು ಹಳೆಯ ಪಿಕಪ್ ಗಾಡಿ ನಿಂತಿತ್ತು. ಹಿಂದೆ ಬೇಲಿಕಂಬ, ತಂತಿಸುರುಳಿ. ಚಕ್ರಕ್ಕೆ ಒರಗಿ ಒಬ್ಬ ಮುದುಕ ಕೂತಿದ್ದ. ಲಿಂಡ್ಸೆ ವೇಗ ತಗ್ಗಿಸಿ ಕತ್ತು ಚಾಚಿ ಸರಿಯಿದೀಯಾ ಎಂದು ಕೇಳಿದ. ಮುದುಕ ಹೆಬ್ಬೆರಳು ಎತ್ತಿದ. ಲಿಂಡ್ಸೆಯೂ ಎತ್ತಿ ಮುಂದೆ ಹೋದ.

ಸುಮಾರು ದೂರ ಹೋದ ಮೇಲೆ ಏನೋ ಚುಚ್ಚತೊಡಗಿತು. ಏನೆಂದು ತಕ್ಷಣ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಗಾಡಿಯ ಆಚೆ ಮಗ್ಗುಲಲ್ಲಿ ಒಳ್ಳೆಯ ನೆರಳು ಬಿದ್ದಿತ್ತು. ಆ ಮನುಷ್ಯ ಕೂತಿದ್ದದ್ದು ಬಿಸಿಲ ಕಡೆ. ಈ ಸೀಮೆಯಲ್ಲಿ ನಾಯಿ ಕೂಡ ನೆರಳು ಬಿಟ್ಟು ಬಿಸಿಲಿಗೆ ಕೂರುವುದಿಲ್ಲ, ಎದ್ದು ಹೋಗುವ ತ್ರಾಣ ಇದ್ದರೆ.

ಬೆರಳೆತ್ತಿದನಲ್ಲ, ನನ್ನದೇನು ತಪ್ಪು ಎಂದುಕೊಂಡ. ಹಿಂದೆ ಯಾರಾದರೂ ಬರುತ್ತಾರೆ ಎಂದುಕೊಂಡ. ಹೀಗೆ ಅಂದುಕೊಳ್ಳುತ್ತಲೇ ಇನ್ನಷ್ಟು ದೂರ ಹೋದ. ಬೈಕು ತಿರುಗಿಸುವಾಗ ಸಂಕಟವಾಗಲಿಲ್ಲ ಎಂದರೆ ಸುಳ್ಳು. ಬಾಯಿತುಂಬ ಬೈದುಕೊಳ್ಳುತ್ತಲೇ ತಿರುಗಿಸಿದ.

ಮುದುಕನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಅಂಥ ಬಿಸಿಲಲ್ಲೂ ಮೈ ತಣ್ಣಗೆ ಬೆವರಿತ್ತು. ಹೆಸರು ಮರ್ವ್ ಎಂದ, ಬೇಲಿ ಕೆಲಸದವನು.

"ಮತ್ತ್ಯಾಕ್ ಬಂದೆ ಮಾರಾಯ? ನಂಗೇನಾಗಿಲ್ಲ. ಎದೆ ಸ್ವಲ್ಪ ಹಿಡ್ಕೊಂಡಿದೆ, ಅಷ್ಟೆ."

"ಅಷ್ಟೇನಾ? ಹಂಗಾದ್ರೆ ಎದ್ದು ನೆರಳಿಗೆ ಹೋಗು, ನೋಡೋಣ."

ಮರ್ವ್ ಏಳಲಿಲ್ಲ. ಲಿಂಡ್ಸೆ ಅವನ ಕಂಕುಳಿಗೆ ಕೈಕೊಟ್ಟು ಎಳೆದು ನೆರಳಿಗೆ ಒರಗಿಸಿದ, ತುಟಿಗೆ ನೀರು ಮುಟ್ಟಿಸಿದ. ಗಾಡಿಯಲ್ಲಿದ್ದ ವೈರ್‌ಲೆಸ್ ರೇಡಿಯೋದಲ್ಲಿ ಕೂಗಿ ಕೂಗಿ ಕೊನೆಗೆ ಒಬ್ಬ ಲಾರಿ ಡ್ರೈವರ್ ಸಿಕ್ಕಿದ. ಅವನು ಸುದ್ದಿ ಮುಟ್ಟಿಸಿ ತಿರುಗಿ ಹೇಳಿದ, ಡಾಕ್ಟರ ವಿಮಾನ ಹೊರಟಿದೆ, ರಸ್ತೆ ಮೇಲೆಯೇ ಇಳಿಯುತ್ತದೆ ಎಂದು.

ಮರ್ವ್‌ನ ಕಣ್ಣು ಬೈಕಿನ ಹಿಂದೆ ಕಟ್ಟಿದ್ದ ಸಂಘದ ಬಾವುಟದ ಮೇಲೆ ಬಿತ್ತು. "ಸಾವಿರ ಮೈಲಿಯವನಾ ನೀನು?"

"ಹೂಂ."

"ಹೊತ್ತಿದೆಯಾ ಇನ್ನೂ?"

"ಈಗ ಹೊರಟ್ರೆ ಇದೆ."

"ಹೊರಡು ಹಂಗಾದ್ರೆ. ವಿಮಾನ ಬರ್ತಿದೆಯಲ್ಲ. ಇಲ್ಲಿ ಕೂತು ನನ್ ಮುಸುಡಿ ನೋಡಿ ಏನ್ ಮಾಡ್ತೀಯ?"

ಲಿಂಡ್ಸೆ ಬೈಕಿನ ಕಡೆ ನೋಡಿದ. ನಿಜ ಹೇಳಬೇಕೆಂದರೆ, ಎದ್ದೂ ನಿಂತ. ಕರೆಯಬೇಕಾದವರನ್ನು ಕರೆದಾಗಿತ್ತು, ನೀರು ಪಕ್ಕದಲ್ಲೇ ಇತ್ತು. ಹೋಗಿದ್ದರೆ ಯಾರೂ ಒಂದು ಮಾತು ಅನ್ನುತ್ತಿರಲಿಲ್ಲ. ಕೈಗವಸು ಹಾಕಿಕೊಳ್ಳತೊಡಗಿದಾಗ ಮರ್ವ್ ಅವನ ಪ್ಯಾಂಟಿನ ಅಂಚು ಹಿಡಿದುಕೊಂಡ.

"ಹೋಗ್ಬೇಡ ಕಣೋ" ಎಂದ. "ಹೆದ್ರಿಕೆ ಆಗ್ತಿದೆ."

ಲಿಂಡ್ಸೆ ಕೈಗವಸು ಬಿಚ್ಚಿ ಪಕ್ಕದಲ್ಲಿ ಕೂತ. ಒಬ್ಬ ಗಂಡಸಿನ ಕೈ ಹಿಡಿದು ಕೂರುವುದು ಅವನಿಗೆ ಅಭ್ಯಾಸವಿರಲಿಲ್ಲ, ಆದರೂ ಹಿಡಿದ. ದನದ ಬಗ್ಗೆ ಮಾತಾಡಿದರು, ಬತ್ತಿದ ಬಾವಿಗಳ ಬಗ್ಗೆ ಮಾತಾಡಿದರು. ಆಮೇಲೆ ಲಿಂಡ್ಸೆ ಒಬ್ಬನೇ ಮಾತಾಡುತ್ತಿದ್ದ. ವಿಮಾನದ ಸದ್ದು ಕೇಳುವ ಹೊತ್ತಿಗೆ ಹಿಡಿದ ಕೈಯಲ್ಲಿ ಜೀವ ಇರಲಿಲ್ಲ.

ಸಾವಿರ ಮೈಲಿ ಅಲ್ಲಿಗೆ ಮುಗಿಯಿತು. ಹಲಗೆಯ ಮೇಲೆ ಅವನ ಹೆಸರು ಇಲ್ಲ, ಇನ್ನು ಬರುವುದೂ ಇಲ್ಲ.

ಮಣ್ಣು ಮಾಡಿದ ದಿನ ಬೌಲಿಯಾದ ಸಭಾಂಗಣದಲ್ಲಿ ಎಲ್ಲರೂ ಟೀ ಲೋಟ ಹಿಡಿದು ನಿಂತಿದ್ದಾಗ, ಮರ್ವ್‌ನ ಹೆಂಡತಿ ಐಲ್ಸಾ ಲಿಂಡ್ಸೆಯನ್ನು ಹುಡುಕಿಕೊಂಡು ಬಂದಳು. ಗಟ್ಟಿ ಹೆಂಗಸು, ಕಣ್ಣು ಒದ್ದೆಯಾಗಿರಲಿಲ್ಲ.

"ಕೊನೇಲಿ ಏನಾದ್ರೂ ಅಂದ್ರಾ ಅವ್ರು?"

ನೋವೇ ಆಗಲಿಲ್ಲ ಎಂದು ಹೇಳಲು ಲಿಂಡ್ಸೆ ಮಾತು ಜೋಡಿಸಿಕೊಂಡು ಬಂದಿದ್ದ. ಅವಳ ಮುಖ ನೋಡಿದ ಮೇಲೆ ಅದನ್ನು ಹೇಳಲಾಗಲಿಲ್ಲ.

"ಹೋಗ್ಬೇಡ ಅಂದ್ರಮ್ಮ."

ಐಲ್ಸಾ ಟೀ ಲೋಟದ ಕಡೆ ತಲೆ ತಗ್ಗಿಸಿದಳು. "ಇಷ್ಟು ವರ್ಷ ಸಂಸಾರ ಮಾಡಿದ್ವಿ. ಎಷ್ಟು ಸಲ ಮುನಿಸ್ಕೊಂಡು ಬಾಗ್ಲು ದಾಟಿದೀನಿ" ಎಂದಳು. "ನನಗೆ ಒಂದ್ಸಲಾನೂ ಹಂಗಂದಿಲ್ಲ ಅವ್ರು."

ಆಮೇಲೆ ತಲೆ ಎತ್ತಿ ಕೇಳಿದಳು. "ನೀವು ಹೋಗ್ಲಿಲ್ಲ ಅಲ್ವಾ?"

"ಇಲ್ಲಮ್ಮ" ಎಂದ ಲಿಂಡ್ಸೆ. "ಅಲ್ಲೇ ಇದ್ದೆ."